ಫಿರಂಗಿಯಿಂದ ಹಾರಿಸುವ ಜ್ಯಾಮರ್: ಅಷ್ಟು ಚಿಕ್ಕ ಡಬ್ಬಿ ದೊಡ್ಡ ರೇಡಿಯೋ ಸೆಟ್ಟಿನ ಬಾಯಿ ಹೇಗೆ ಮುಚ್ಚಿಸುತ್ತದೆ?

ಕಾಳಿದಂಡೆ ಅಕ್ಕೋರು (ಕಾರವಾರ)
ಶುಕ್ರವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹೋದ ವಾರ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಟಾಗೋರ್ ಬೀಚಿನ ಐಎನ್‌ಎಸ್ ಚಪಲ್ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಹಡಗಿನ ಮೇಲಿನ ಆಂಟೆನಾ ತೋರಿಸುತ್ತಿದ್ದಾಗ ಒಬ್ಬ ಹುಡುಗ ಕೇಳಿದ: "ಅಕ್ಕೋರೇ, ಆಂಟೆನಾ ಮುರೀದೇ ವೈರಿ ಇವರ ಮಾತು ನಿಲ್ಲಿಸಬಹುದಾ?" ಜ್ಯಾಮರ್ ಅಂತ ಇರುತ್ತದೆ, ಅದೇ ಫ್ರೀಕ್ವೆನ್ಸಿಯಲ್ಲಿ ಗದ್ದಲ ಬಿಡುತ್ತಾರೆ ಎಂದು ಹೇಳಿ ಬಂದೆ.

ಮನೆಗೆ ಬಂದು ಓದಿದಾಗ ಜ್ಯಾಮರನ್ನು ಫಿರಂಗಿಯ ಶೆಲ್ಲಿನೊಳಗೆ ತುಂಬಿ ಹಾರಿಸುವುದೂ ಉಂಟು ಎಂದು ತಿಳಿಯಿತು. 122, 152, 155 ಮಿಲಿಮೀಟರ್ ಶೆಲ್ಲುಗಳಲ್ಲಿ ಇಂಥವನ್ನು ಮಾಡಿದ್ದಾರಂತೆ. ನನಗೆ ಎರಡು ಪ್ರಶ್ನೆ. ಸ್ಫೋಟದಿಂದ ಹಾರುವ ಶೆಲ್ಲಿನೊಳಗೆ ರೇಡಿಯೋ ಉಳಿಯುವುದು ಹೇಗೆ? ಉಳಿದರೂ ಲಾರಿಯ ಮೇಲೆ ಹೊತ್ತು ತರುವ ದೊಡ್ಡ ಜ್ಯಾಮರ್ ಇರುವಾಗ ತಂಬಿಗೆ ಗಾತ್ರದ ಡಬ್ಬಿಯಿಂದ ಏನಾದೀತು? ಸೋಮವಾರ ಆ ಹುಡುಗನಿಗೆ ಸರಿಯಾದ ಉತ್ತರ ಕೊಡಬೇಕು. ತಿಳಿದವರು ಹೇಳಿ.

ಅಂಕೋಲಾ ಗನ್ನರ್
ಶುಕ್ರವಾರ, ರಾತ್ರಿ 9:50

ಅಕ್ಕೋರೇ, ನಾನು ಮೀಡಿಯಂ ರೆಜಿಮೆಂಟಿನಲ್ಲಿ ಬೋಫೋರ್ಸ್ ಗನ್ನಿನ ಮೇಲೆ ದುಡಿದು ಹವಾಲ್ದಾರ್ ಆಗಿ ನಿವೃತ್ತನಾದವನು. ಜ್ಯಾಮರ್ ಶೆಲ್ಲನ್ನು ಕೈಯಲ್ಲಿ ಹಿಡಿದವನಲ್ಲ. ಆದರೆ ಅದರ ಅಣ್ಣನನ್ನು, ಅಂದರೆ ಬೆಳಕಿನ ಶೆಲ್ಲನ್ನು, ಬಹಳ ಸಲ ಹಾರಿಸಿದ್ದೇನೆ. ಎರಡರ ಕಟ್ಟೋಣ ಒಂದೇ ಬಗೆಯದು. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಶೆಲ್ಲು ಅಂದ ಕೂಡಲೇ ಬಿದ್ದಲ್ಲಿ ಸಿಡಿಯುವುದು ಎಂದು ಜನ ತಿಳಿಯುತ್ತಾರೆ. ಬೆಳಕಿನ ಶೆಲ್ಲು, ಹೊಗೆ ಶೆಲ್ಲು ಹಾಗಲ್ಲ. ಅವು ಸಾಮಾನು ಹೊರುವ ಡಬ್ಬಿಗಳು. ಮೂತಿಯಲ್ಲಿ ಟೈಮ್ ಫ್ಯೂಜ್ ಇರುತ್ತದೆ. ಇಷ್ಟು ಸೆಕೆಂಡು ಎಂದು ಸೆಟ್ ಮಾಡಿ ಹಾರಿಸುತ್ತೇವೆ. ಆ ಹೊತ್ತಿಗೆ ಶೆಲ್ಲು ಗುರಿಯ ಮೇಲೆ ಆಕಾಶದಲ್ಲಿರುತ್ತದೆ. ಫ್ಯೂಜು ಒಳಗಿನ ಸಣ್ಣ ಮದ್ದನ್ನು ಹೊತ್ತಿಸುತ್ತದೆ, ಆ ಒತ್ತಡಕ್ಕೆ ಶೆಲ್ಲಿನ ತಳ ಕಳಚಿ ಒಳಗಿನ ಸಾಮಾನು ಹಿಂದಿನಿಂದ ಹೊರಬೀಳುತ್ತದೆ. ಮೊದಲು ಒಂದು ಚಿಕ್ಕ ಪ್ಯಾರಾಚೂಟ್ ಬಿಚ್ಚಿ ವೇಗ ಇಳಿಸುತ್ತದೆ, ಆಮೇಲೆ ದೊಡ್ಡದು. ಬೆಳಕಿನ ಶೆಲ್ಲಿನಲ್ಲಿ ಉರಿಯುವ ಮದ್ದು ಸುಮಾರು ಎರಡು ನಿಮಿಷ ತೇಲುತ್ತಾ ಇಳಿಯುತ್ತದೆ. ಅದರ ಜಾಗದಲ್ಲಿ ರೇಡಿಯೋ ಡಬ್ಬಿಗಳನ್ನು ಇಟ್ಟರೆ ಜ್ಯಾಮರ್ ಶೆಲ್ಲು. ಅದರ ಕೆಲಸ ನೆಲ ಮುಟ್ಟಿದ ಮೇಲೂ ನಡೆಯುತ್ತದೆ ಎಂಬುದೇ ವ್ಯತ್ಯಾಸ.

ಗನ್ನಿನೊಳಗೆ ಆಗುವುದನ್ನು ಮಕ್ಕಳಿಗೆ ಹೇಳುವುದಾದರೆ ಹೀಗೆ ಹೇಳಿ. 155ರ ಶೆಲ್ಲು ಸುಮಾರು 45 ಕೆಜಿ. ಒಂದು ಅಕ್ಕಿ ಮೂಟೆ ಅನ್ನಿ. ನಾಳದ ಬಾಯಿಂದ ಹೊರಡುವಾಗ ಅದರ ವೇಗ ಸೆಕೆಂಡಿಗೆ 800 ಮೀಟರಿನ ಆಸುಪಾಸು. ಈ ವೇಗ ಬರುವುದು ಐದು ಮೀಟರ್ ಉದ್ದದ ಓಟದಲ್ಲಿ, ಸೆಕೆಂಡಿನ ನೂರನೇ ಒಂದು ಪಾಲಿನಷ್ಟು ಹೊತ್ತಿನಲ್ಲಿ.

ಕುಮಟೆಯ ಸರ್ಕೀಟು
ಶುಕ್ರವಾರ, ರಾತ್ರಿ 10:20

ಗನ್ನರ್ ಅಣ್ಣ ಕೊಟ್ಟ ಅಂಕಿಯನ್ನೇ ಹಿಡಿದು ಲೆಕ್ಕ ಮಾಡಬಹುದು, ಹತ್ತನೇ ಕ್ಲಾಸಿನ ಸೂತ್ರ ಸಾಕು. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿ: 800 × 800 ÷ 10 = 64,000. ಶೆಲ್ಲಿನ ವೇಗೋತ್ಕರ್ಷ ಇದು, ಗುರುತ್ವದ ಸುಮಾರು 6,500 ಪಟ್ಟು. ಇದು ಸರಾಸರಿ. ಒತ್ತಡ ಏರಿದ ಕ್ಷಣದಲ್ಲಿ 10,000 ಪಟ್ಟು ದಾಟುತ್ತದೆ. 100 ಗ್ರಾಂ ತೂಕದ ಸರ್ಕೀಟು ಬೋರ್ಡು ಆ ಹೊತ್ತಿನಲ್ಲಿ ಒಂದು ಟನ್ ಭಾರದಂತೆ ತನ್ನ ತಳವನ್ನು ಒತ್ತುತ್ತದೆ. ಅದರ ಮೇಲೆ ಶೆಲ್ಲು ತಿರುಗುತ್ತದೆ ಬೇರೆ. 155ರ ನಾಳಗಳಲ್ಲಿ ಸಾಮಾನ್ಯವಾಗಿ 20 ಕ್ಯಾಲಿಬರಿಗೆ (ನಾಳದ ಬಾಯಿಯ ಅಗಲದ 20 ಪಟ್ಟಿಗೆ), ಅಂದರೆ 3.1 ಮೀಟರಿಗೆ, ಒಂದು ಸುತ್ತು. 800 ಅನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ 250ಕ್ಕೂ ಹೆಚ್ಚು ಸುತ್ತು.

ನಾನು ರೇಡಿಯೋ ವಿನ್ಯಾಸದ ಕೆಲಸದವನು, ಈಗ ಹುಬ್ಬಳ್ಳಿಯಲ್ಲಿದ್ದೇನೆ. ನಮ್ಮ ಬೋರ್ಡು ಟೇಬಲ್ಲಿನಿಂದ ಬಿದ್ದರೆ ಎದೆ ಝಲ್ ಎನ್ನುತ್ತದೆ. ಇದನ್ನು ನೆನೆದರೆ ಮೊದಲು ಮಾಡಿದವರಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಆ ಮೊದಲಿಗರು ಎರಡನೇ ಮಹಾಯುದ್ಧದ ಕಾಲದವರು. ಗುರಿಯ ಹತ್ತಿರ ಬಂದಾಗ ತಾನಾಗಿ ಸಿಡಿಯುವ ಪ್ರಾಕ್ಸಿಮಿಟಿ ಫ್ಯೂಜಿನೊಳಗೆ ಒಂದು ಪುಟ್ಟ ರೇಡಿಯೋ ಇತ್ತು, ಟ್ರಾನ್ಸಿಸ್ಟರ್ ಇನ್ನೂ ಹುಟ್ಟದ ದಿನಗಳಲ್ಲಿ, ಗಾಜಿನ ವಾಲ್ವುಗಳಿಂದ, ಅಂದರೆ ಹಳೆಯ ರೇಡಿಯೋಗಳ ಗಾಜಿನ ನಳಿಕೆಗಳಿಂದ. 1943ರ ಜನವರಿಯಲ್ಲಿ ಅಮೆರಿಕದ ಹೆಲೆನಾ ಯುದ್ಧನೌಕೆ ಅದನ್ನು ಮೊದಲ ಸಲ ಕಾಳಗದಲ್ಲಿ ಬಳಸಿ ವಿಮಾನ ಉರುಳಿಸಿತು. ಗಾಜಿನ ವಾಲ್ವು ಗನ್ನಿನ ಏಟು ತಡೆಯಿತು ಎಂದ ಮೇಲೆ ಇವತ್ತಿನ ಎಲೆಕ್ಟ್ರಾನಿಕ್ ಚಿಪ್ ತಡೆಯುವುದು ಆಶ್ಚರ್ಯವಲ್ಲ. ಬೋರ್ಡಿನ ಸುತ್ತ ಗಟ್ಟಿಯಾಗುವ ರಾಳ ಸುರಿದು ಇಡೀ ಸರ್ಕೀಟನ್ನು ಒಂದು ಕಲ್ಲಿನಂತೆ ಮಾಡುತ್ತಾರೆ. ಒಳಗೆ ಅಲ್ಲಾಡಲು ಜಾಗವೇ ಇಲ್ಲದಿದ್ದರೆ ಮುರಿಯುವುದೂ ಕಡಿಮೆ. ನಮ್ಮಲ್ಲಿ ಬಿಇಎಲ್ ಸಂಸ್ಥೆಯ ಪುಣೆ ಘಟಕ ಸೇನೆಗೆ ಎಲೆಕ್ಟ್ರಾನಿಕ್ ಫ್ಯೂಜ್ ಮಾಡುತ್ತದೆ. 2023ರ ಡಿಸೆಂಬರಿನಲ್ಲಿ ಹತ್ತು ವರ್ಷದ ಪೂರೈಕೆಗೆ ಸುಮಾರು 5,336 ಕೋಟಿ ರೂಪಾಯಿಯ ಒಪ್ಪಂದ ಆಯಿತು. ಗನ್ನಿನ ಏಟು ತಿಂದು ಬದುಕುವ ಎಲೆಕ್ಟ್ರಾನಿಕ್ಸ್ ನಮ್ಮ ದೇಶಕ್ಕೆ ಹೊಸ ವಿದ್ಯೆಯೇನಲ್ಲ ಎಂಬುದಕ್ಕೆ ಇದನ್ನು ಹೇಳಿದೆ.

ಕಾಳಿದಂಡೆ ಅಕ್ಕೋರು
ಶುಕ್ರವಾರ, ರಾತ್ರಿ 10:34

ಬ್ಯಾಟರಿ? ಉಗ್ರಾಣದಲ್ಲಿ ವರ್ಷಗಟ್ಟಲೆ ಬಿದ್ದಿರುವ ಶೆಲ್ಲಿನಲ್ಲಿ ಸೆಲ್ಲು ಸತ್ತು ಹೋಗುವುದಿಲ್ಲವೇ?

ಕುಮಟೆಯ ಸರ್ಕೀಟು
ಶುಕ್ರವಾರ, ರಾತ್ರಿ 10:51

ಅದಕ್ಕೇ ರಿಸರ್ವ್ ಬ್ಯಾಟರಿ. ಒಳಗಿನ ದ್ರವವನ್ನು ಒಂದು ಪುಟ್ಟ ಶೀಶೆಯಲ್ಲಿ ಬೇರೆಯಾಗಿಯೇ ಇಟ್ಟಿರುತ್ತಾರೆ. ಗನ್ ಹಾರಿದ ಏಟಿಗೆ ಶೀಶೆ ಒಡೆಯುತ್ತದೆ, ತಿರುಗುವ ರಭಸಕ್ಕೆ ದ್ರವ ಫಲಕಗಳ ನಡುವೆ ಹರಡುತ್ತದೆ, ಆಗ ಬ್ಯಾಟರಿಗೆ ಜೀವ ಬರುತ್ತದೆ. ಅಲ್ಲಿಯವರೆಗೆ ಅದು ಒಣ ಡಬ್ಬಿ, ಹಳಸುವುದಕ್ಕೆ ಏನೂ ಇಲ್ಲ. ಎಲ್ಲವನ್ನೂ ಮುರಿಯಬೇಕಾದ ಏಟನ್ನೇ ಸ್ವಿಚ್ಚು ಮಾಡಿಕೊಂಡಿದ್ದಾರೆ. ಈ ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು.

ಎಷ್ಟು ಬೇಕು ಅಂದರೆ, ಒಂದು ವಾಟ್ ಹೊರಗೆ ಬಿಡಲು ಒಳಗೆ ಮೂರು ನಾಲ್ಕು ವಾಟ್ ಖರ್ಚು. ಒಂದು ಗಂಟೆ ಓಡಬೇಕಾದರೆ ಒಂದು ಒಳ್ಳೆಯ ಲಿಥಿಯಂ ಪೆನ್ಸಿಲ್ ಸೆಲ್ಲಿನಷ್ಟು ಶಕ್ತಿ. ಗಾತ್ರದ ತಲೆನೋವು ಬ್ಯಾಟರಿಯಲ್ಲಿ ಇಲ್ಲ, ಆಂಟೆನಾದಲ್ಲಿದೆ. 50 ಮೆಗಾಹರ್ಟ್ಸ್‌ಗೆ ಕಾಲು ತರಂಗದ ಆಂಟೆನಾ ಎಂದರೆ 1.5 ಮೀಟರ್. ಅದನ್ನು ಶೆಲ್ಲಿನ ಒಳಗೆ ಸುತ್ತಿಡಬೇಕು, ತಿರುಗುವಿಕೆ ನಿಂತ ಮೇಲೆ ಬಿಚ್ಚಿಕೊಳ್ಳಬೇಕು, ನೆಲಕ್ಕೆ ಬಿದ್ದಾಗ ನೆಟ್ಟಗೆ ನಿಲ್ಲಬೇಕು. ಗಿಡ್ಡ ಮಾಡಿದರೆ ಶಕ್ತಿಯ ಪಾಲು ಹೊರಗೆ ಹೋಗದೆ ಒಳಗೇ ಬಿಸಿಯಾಗಿ ಹಾಳಾಗುತ್ತದೆ.

ಯಲ್ಲಾಪುರ ಘಟ್ಟ
ಶುಕ್ರವಾರ, ರಾತ್ರಿ 11:15

ಎಲ್ಲ ಸರಿ. ಆದರೆ ಒಂದು ವಾಟ್! ಸೈನ್ಯದವರ ಸೆಟ್ಟು ಐದು ವಾಟ್, ಗಾಡಿಯ ಮೇಲಿನದು ಐವತ್ತು ವಾಟ್ ಇರುತ್ತದೆ. ಒಂದು ವಾಟಿನ ಡಬ್ಬಿ ಅದರ ಬಾಯಿ ಮುಚ್ಚಿಸುತ್ತದೆ ಎನ್ನುವುದನ್ನು ನಾನು ನಂಬುವುದಿಲ್ಲ. ಮಾರಾಟದವರ ಮಾತು ಇದು.

ಮುದಗಾ ತಾಂಡೇಲ
ಶನಿವಾರ, ಬೆಳಿಗ್ಗೆ 5:40

ಘಟ್ಟದ ಅಣ್ಣಾ, ನಂಬಬೇಕು. ನಾನು ಅನುಭವಿಸಿದ್ದನ್ನು ಹೇಳುತ್ತೇನೆ.

ಜೂನ್ 1ಕ್ಕೆ ಮೀನುಗಾರಿಕೆ ಬಂದ್ ಆಗುವ ಮುಂಚಿನ ವಾರ. ದೇವಗಡದ ದೀಪಸ್ತಂಭ ದಾಟಿ ಹೊರಗಿದ್ದೆವು, ನಾಲ್ಕೈದು ಬೋಟು ಒಂದು ಗುಂಪಾಗಿ. ಮಧ್ಯಾಹ್ನ ತೆಂಕಣದ ಕಡೆ ಮೋಡ ಕಪ್ಪಾಯಿತು. ಬಲೆ ಎಳೆದು ವಾಪಸ್ ಹೊರಡೋಣ ಎಂದು ಉಳಿದವರಿಗೆ ಹೇಳಲು ವೈರ್‌ಲೆಸ್ ಎತ್ತಿದರೆ ಚಾನೆಲ್ ತುಂಬ ಎಂಜಿನ್ನಿನ ಸದ್ದು, ನಡುವೆ ಯಾರೋ ಕೆಮ್ಮಿದ್ದು. ನಮ್ಮ ಪಕ್ಕದ ಬೋಟಿನವರ ಮೈಕು ಹಾಸಿಗೆಯ ಅಡಿಗೆ ಸಿಕ್ಕಿ ಗುಂಡಿ ಒತ್ತಿಕೊಂಡೇ ಇತ್ತು. ಅವರ ಸೆಟ್ಟು ಆಗ ಒಂದು ವಾಟಿನ ಸಣ್ಣ ಪವರಿನಲ್ಲಿತ್ತು, ಆಮೇಲೆ ಗೊತ್ತಾಯಿತು. ಮೂರು ಮೈಲಿ ಆಚೆ ಇದ್ದ ನಮ್ಮದೇ ಇನ್ನೊಂದು ಬೋಟಿನವರು 25 ವಾಟಿನಲ್ಲಿ ನಮ್ಮನ್ನು ಕೂಗುತ್ತಿದ್ದರು, ಬಂದರಿನಿಂದಲೂ ಕೂಗುತ್ತಿದ್ದರು. ನಮಗೆ ಒಂದು ಅಕ್ಷರ ಕೇಳಲಿಲ್ಲ. ಪಕ್ಕದ ಬೋಟಿನ ಕೆಮ್ಮು ಮಾತ್ರ ಕೇಳಿತು.

ಕೊನೆಗೆ ನಾನು ಆ ಬೋಟಿನ ಹತ್ತಿರ ಹೋಗಿ ಟವೆಲ್ ಬೀಸಿ ಕೂಗಿ ಹೇಳಬೇಕಾಯಿತು. ಅಷ್ಟರಲ್ಲಿ ಗಾಳಿ ಎದ್ದಿತ್ತು. ಎಲ್ಲರೂ ದಡ ಸೇರಿದೆವು, ಒಂದು ಬಲೆ ಹೋಯಿತು. ಆ ಮುಕ್ಕಾಲು ಗಂಟೆಯನ್ನು ನಾನು ಮರೆತಿಲ್ಲ. ಸೆಟ್ಟು ಕೈಯಲ್ಲಿದೆ, ದೀಪ ಉರಿಯುತ್ತಿದೆ, ಬ್ಯಾಟರಿ ಇದೆ, ಆದರೂ ಯಾರೂ ಇಲ್ಲ.

ದಕ್ಕೆಗೆ ಹೊರಟೆ. ಸಂಜೆ ನೋಡುತ್ತೇನೆ.

ಶಿರಸಿ ಹ್ಯಾಮ್
ಶನಿವಾರ, ಬೆಳಿಗ್ಗೆ 8:05

ತಾಂಡೇಲರು ಹೇಳಿದ್ದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಲಾರದು. ಅಕ್ಕೋರೇ, ನಿಮ್ಮ ತಲೆಬರಹದಲ್ಲೇ ಒಂದು ತಿದ್ದುಪಡಿ ಬೇಕು. ಜ್ಯಾಮರ್ ಬಾಯಿ ಮುಚ್ಚಿಸುವುದಿಲ್ಲ, ಕಿವಿ ತುಂಬುತ್ತದೆ. 25 ವಾಟಿನವರ ಬಾಯಿಗೆ ಏನೂ ಆಗಿರಲಿಲ್ಲ, ಅವರು ಕೂಗುತ್ತಲೇ ಇದ್ದರು. ಕೆಟ್ಟಿದ್ದು ತಾಂಡೇಲರ ಕಿವಿ. ಆದ್ದರಿಂದ ಲೆಕ್ಕ ಹಾಕಬೇಕಾದದ್ದು ಕೇಳುವವನ ಜಾಗದಲ್ಲಿ ಯಾರ ದನಿ ಎಷ್ಟು ಅಂತ. ಯಾರ ಸೆಟ್ಟು ಎಷ್ಟು ವಾಟ್ ಅನ್ನುವುದು ಆಮೇಲಿನ ಮಾತು.

ಯಕ್ಷಗಾನದ ಆಟ ನೋಡಲು ಹೋದಾಗ ಚಂಡೆಯ ಪಕ್ಕವೇ ಕೂತರೆ ಏನಾಗುತ್ತದೆ? ಭಾಗವತರ ಪದ ಮೈಕಿನಲ್ಲಿ ಊರಿಗೆಲ್ಲ ಕೇಳುತ್ತದೆ, ನಮಗೆ ಕೇಳುವುದಿಲ್ಲ.

ಘಟ್ಟದ ಭಾವ, ಲೆಕ್ಕ ಕೇಳು. ವೈರಿಯ ಸೆಟ್ಟು ಐದು ವಾಟ್, ಕೇಳುವವನಿಂದ 5 ಕಿಲೋಮೀಟರ್ ದೂರ. ನಮ್ಮ ಡಬ್ಬಿ ಒಂದು ವಾಟ್, ಕೇಳುವವನಿಂದ 500 ಮೀಟರ್. ತೆರೆದ ಆಕಾಶದಲ್ಲಿ ಶಕ್ತಿ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಹತ್ತು ಪಟ್ಟು ಹತ್ತಿರ ಎಂದರೆ ನೂರು ಪಟ್ಟು ಲಾಭ, ಅದನ್ನು ಐದರಿಂದ ಭಾಗಿಸಿದರೂ ಡಬ್ಬಿಯ ದನಿ 20 ಪಟ್ಟು ಜೋರು. ನೆಲದ ಮೇಲೆ ಮಾತ್ರ ಪರಿಸ್ಥಿತಿ ಬೇರೆ. ಎರಡೂ ಆಂಟೆನಾ ನೆಲದ ಹತ್ತಿರ ಇದ್ದಾಗ ನೇರ ಅಲೆ, ನೆಲಕ್ಕೆ ಬಡಿದು ಬಂದ ಅಲೆ ಎರಡೂ ಒಂದನ್ನೊಂದು ಕಳೆಯುತ್ತವೆ. ಶಕ್ತಿ ಸುಮಾರಾಗಿ ದೂರದ ನಾಲ್ಕನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. ಆಗ ಹತ್ತು ಪಟ್ಟು ಹತ್ತಿರ ಇದ್ದರೆ ಹತ್ತು ಸಾವಿರ ಪಟ್ಟು ಲಾಭ. ಐದರಿಂದ ಭಾಗಿಸಿದರೆ 2,000 ಪಟ್ಟು ಜೋರು.

ಸೈನ್ಯದ ವಿಎಚ್‌ಎಫ್ (30ರಿಂದ 300 ಮೆಗಾಹರ್ಟ್ಸ್ ಪಟ್ಟಿಯ) ಸೆಟ್ಟುಗಳು ಎಫ್‌ಎಂ ಆದ್ದರಿಂದ ಇನ್ನೂ ಒಂದು ಪೆಟ್ಟು. ಎಫ್‌ಎಂ ರಿಸೀವರು ಎರಡು ದನಿಯನ್ನು ಬೆರೆಸಿ ಕೊಡುವುದಿಲ್ಲ, ಜೋರಿರುವುದನ್ನು ಹಿಡಿದು ಇನ್ನೊಂದನ್ನು ಬಿಟ್ಟೇ ಬಿಡುತ್ತದೆ. ಇದೇ ತಾಂಡೇಲರಿಗೆ ಆದದ್ದು.

ಯಲ್ಲಾಪುರ ಘಟ್ಟ
ಶನಿವಾರ, ಬೆಳಿಗ್ಗೆ 8:40

ಒಪ್ಪಿದೆ. ಆದರೆ ಒಂದೇ ಚಾನೆಲ್ಲಿಗೆ ಕೂತ ಸೆಟ್ಟಿಗೆ ಇದು ಸರಿ. ಈಗಿನ ಸೈನ್ಯದ ಸೆಟ್ಟು ಫ್ರೀಕ್ವೆನ್ಸಿ ಹಾರುತ್ತದಲ್ಲ? ಅಮೆರಿಕದ ಸಿಂಕ್‌ಗಾರ್ಸ್ ಸೆಟ್ಟು 30ರಿಂದ 88 ಮೆಗಾಹರ್ಟ್ಸ್‌ವರೆಗಿನ 2,320 ಚಾನೆಲ್ಲುಗಳಲ್ಲಿ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಜಿಗಿಯುತ್ತದೆ. ನಮ್ಮ ಬಿಇಎಲ್ ಮಾಡುವ ಸ್ಟಾರ್ಸ್ ಸೆಟ್ಟೂ ಜಿಗಿಯುವಂಥದ್ದೇ. ಡಬ್ಬಿ ಯಾವ ಚಾನೆಲ್ಲಿನ ಮೇಲೆ ಕೂರಬೇಕು? ಎಲ್ಲದರ ಮೇಲೆ ಹರಡಿದರೆ ಒಂದು ವಾಟ್ 2,320 ಪಾಲಾಗುತ್ತದೆ.

ಶಿರಸಿ ಹ್ಯಾಮ್
ಶನಿವಾರ, ಬೆಳಿಗ್ಗೆ 9:30

ಒಳ್ಳೆಯ ಪ್ರಶ್ನೆ ಭಾವ. ಇದೇ ಈ ಆಯುಧದ ನಿಜವಾದ ಮಿತಿ. ಮೇಲಿನ ಲೆಕ್ಕವನ್ನೇ ಮುಂದುವರಿಸುತ್ತೇನೆ. 500 ಮೀಟರಿನಲ್ಲಿ 2,000 ಪಟ್ಟು ಜೋರು ಇತ್ತು. ಅದನ್ನು 2,320 ಚಾನೆಲ್ಲಿಗೆ ಹಂಚಿದರೆ ಪ್ರತಿ ಚಾನೆಲ್ಲಿನಲ್ಲಿ 0.86 ಪಟ್ಟು. ಅಂದರೆ ಸೋಲು, ಹೆಚ್ಚೆಂದರೆ ಸಮಬಲ.

ಈಗ ಡಬ್ಬಿಯನ್ನು 200 ಮೀಟರಿಗೆ ತನ್ನಿ. 25 ಪಟ್ಟು ಹತ್ತಿರ. ನಾಲ್ಕನೇ ಘಾತ 3,90,625. ಐದರಿಂದ ಭಾಗಿಸಿ, ಆಮೇಲೆ 2,320ರಿಂದ. ಉತ್ತರ ಸುಮಾರು 34. ಜಿಗಿಯುವ ಸೆಟ್ಟೂ ಕಿವುಡಾಯಿತು.

ಕುಮಟೆಯ ಸರ್ಕೀಟು
ಶನಿವಾರ, ಬೆಳಿಗ್ಗೆ 10:02

ಹ್ಯಾಮ್ ಸರ್, ಆಂಟೆನಾ ಎತ್ತರ ಬಿಟ್ಟಿರಿ. ನಾಲ್ಕನೇ ಘಾತದ ಸೂತ್ರದಲ್ಲಿ ಎತ್ತರದ ವರ್ಗವೂ ಬರುತ್ತದೆ. ವೈರಿಯವನು ಬೆನ್ನಿಗೆ ಕಟ್ಟಿದ ಸೆಟ್ಟಿನ ಆಂಟೆನಾ ಮೇಲಿರುತ್ತದೆ, ನಮ್ಮ ಡಬ್ಬಿ ಹುಲ್ಲಿನಲ್ಲಿ ಬಿದ್ದಿರುತ್ತದೆ. ಎತ್ತರ ಮೂರನೇ ಒಂದು ಎಂದು ಹಿಡಿದರೆ ಶಕ್ತಿ ಒಂಬತ್ತನೇ ಒಂದು. ನಿಮ್ಮ 34 ಈಗ 4ಕ್ಕೂ ಕಡಿಮೆ. ಗಿಡ್ಡ ಆಂಟೆನಾದ ನಷ್ಟ ಇನ್ನೂ ಸೇರಿಸಿಲ್ಲ.

ಶಿರಸಿ ಹ್ಯಾಮ್
ಶನಿವಾರ, ಬೆಳಿಗ್ಗೆ 10:15

ಸರಿಯಾಗಿ ಹಿಡಿದಿರಿ, ತಿದ್ದಿಕೊಂಡೆ. ಹಾಗಾದರೆ ಫಲಿತಾಂಶ ಇದು: ಒಂದೇ ಚಾನೆಲ್ಲಿನ ಹಳೆಯ ಸೆಟ್ಟಿಗೆ ಒಂದು ಡಬ್ಬಿ ಅರ್ಧ ಕಿಲೋಮೀಟರಿನ ಆಚೆಗೂ ಸಾಕು. ಜಿಗಿಯುವ ಸೆಟ್ಟಿಗೆ ಕೆಲವೇ ನೂರು ಮೀಟರಿನೊಳಗೆ ಬೀಳಬೇಕು. ಆದ್ದರಿಂದಲೇ ಒಂದು ಶೆಲ್ಲಿನಲ್ಲಿ ಒಂದು ದೊಡ್ಡ ಜ್ಯಾಮರಿಗಿಂತ ಹಲವು ಚಿಕ್ಕವನ್ನು ತುಂಬಿ ಚೆಲ್ಲುವುದು ಜಾಣತನ. ಬೀಜ ಬಿತ್ತಿದ ಹಾಗೆ. ಯಾವುದೋ ಒಂದು ಆ ಕಿವಿಯ ಹತ್ತಿರ ಬೀಳುತ್ತದೆ.

ಜಿಗಿಯುವ ಸೆಟ್ಟನ್ನು ಕೆಡಿಸಲು ಎಲ್ಲ ಚಾನೆಲ್ಲೂ ತುಂಬಬೇಕಿಲ್ಲ ಎಂಬುದೂ ಇದೆ. ಮೂರರಲ್ಲಿ ಒಂದು ಜಿಗಿತ ಕೆಟ್ಟರೂ ಮಾತು ತುಂಡು ತುಂಡಾಗುತ್ತದೆ.

ಅಂಕೋಲಾ ಗನ್ನರ್
ಶನಿವಾರ, ಮಧ್ಯಾಹ್ನ 1:20

ಊಟ ಮುಗಿಸಿ ಓದಿದೆ. ಲೆಕ್ಕ ನಿಮ್ಮದು, ನಾನು ಯಾಕೆ ಮಾಡುತ್ತಾರೆ ಎಂಬುದನ್ನು ಹೇಳುತ್ತೇನೆ.

ಗನ್ ಇರುವ ಜಾಗದಿಂದ ಗುರಿ ಕಾಣುವುದಿಲ್ಲ. ಮುಂದೆ ಗುಡ್ಡದ ಮೇಲೆ ಒಪಿ, ಅಂದರೆ ಗುರಿ ನೋಡಿ ಹೇಳುವವನು, ಕೂತಿರುತ್ತಾನೆ, ಅವನೇ ನಮ್ಮ ಕಣ್ಣು. "ಬಲಕ್ಕೆ 100, ಮುಂದಕ್ಕೆ 200" ಎಂದು ಅವನು ರೇಡಿಯೋದಲ್ಲಿ ಹೇಳಿದ ಹಾಗೆ ತಿದ್ದುತ್ತಾ ಹೋಗುತ್ತೇವೆ. ಒಂದು ಅಭ್ಯಾಸದಲ್ಲಿ ಒಪಿಯ ಮಾತು ಅರ್ಧದಲ್ಲಿ ನಿಂತಿತು. ಆರು ಗನ್ ಲೋಡ್ ಆಗಿ ನಿಂತಿವೆ, ಹಾರಿಸುವಂತಿಲ್ಲ, ಸುಮ್ಮನಿರುವಂತೆಯೂ ಇಲ್ಲ. ಸೆಟ್ಟು ಸರಿಯಾಗುವವರೆಗಿನ ಆ ಕೆಲವು ನಿಮಿಷ ಬಹಳ ದೊಡ್ಡದು. ಗನ್ನು ಕೆಡಲಿಲ್ಲ, ಆಳು ಸಾಯಲಿಲ್ಲ, ಆದರೂ ಆರು ಗನ್ನಿನ ಇಡೀ ತಂಡ ಕುರುಡಾಯಿತು. ವೈರಿಗೆ ಇದನ್ನು ಸರಿಯಾದ ಹತ್ತು ನಿಮಿಷದಲ್ಲಿ ಮಾಡಬಲ್ಲೆವಾದರೆ ನಮ್ಮ ಕಾಲಾಳು ಪಡೆ ಬಯಲು ದಾಟುತ್ತದೆ. ಜ್ಯಾಮರ್ ಶೆಲ್ಲಿಗೆ ಇದಕ್ಕಿಂತ ದೊಡ್ಡ ಕೆಲಸ ಇಲ್ಲ, ಇದಕ್ಕಿಂತ ದೊಡ್ಡದು ಬೇಕಾಗಿಯೂ ಇಲ್ಲ.

ಇನ್ನು ಲಾರಿಯ ಮೇಲಿನ ದೊಡ್ಡ ಜ್ಯಾಮರ್. ಅದೂ ಬೇಕು, ನಮ್ಮ ಸೇನೆಯಲ್ಲಿ ಸಂಯುಕ್ತ, ಗುಡ್ಡಗಾಡಿಗೆ ಹಿಮಶಕ್ತಿ ಎಂಬ ದೊಡ್ಡ ವ್ಯವಸ್ಥೆಗಳು ಇವೆ. ಆದರೆ ನಿಮ್ಮ ಊರನ್ನೇ ನೋಡಿ. ಸದಾಶಿವಗಡದ ಗುಡ್ಡದ ಮೇಲೆ ಎಷ್ಟು ದೊಡ್ಡ ಜ್ಯಾಮರ್ ಇಟ್ಟರೂ ಕದ್ರಾ ದಾಟಿ ಕೈಗಾ ಕಡೆಯ ಕಣಿವೆಯೊಳಗೆ ಕೂತವನ ಕಿವಿಗೆ ಅದು ತಲುಪುವುದು ಕಷ್ಟ, ನಡುವೆ ಗುಡ್ಡಗಳ ಸಾಲು. ಶೆಲ್ಲು ಗುಡ್ಡದ ಮೇಲಿಂದ ಹಾರಿ ಕಣಿವೆಗೆ ಇಳಿಯುತ್ತದೆ. ಗನ್ನಿನ ಮೂತಿ ಎತ್ತಿ ಹಾರಿಸುವುದನ್ನು ನಾವು ಕಲಿತದ್ದೇ ಇದಕ್ಕೆ. ಕಾರ್ಗಿಲ್ಲಿನಲ್ಲಿ ಬೋಫೋರ್ಸ್ ಅಷ್ಟು ಕೆಲಸಕ್ಕೆ ಬಂದದ್ದೂ ಗುಡ್ಡದ ಮರೆಯನ್ನು ದಾಟಬಲ್ಲದ್ದಾಗಿದ್ದರಿಂದ. ಮತ್ತೊಂದು: ದೊಡ್ಡ ಜ್ಯಾಮರ್ ಚಾಲೂ ಆದ ಕೂಡಲೇ ತಾನಿರುವ ದಿಕ್ಕನ್ನು ವೈರಿಗೆ ಕೂಗಿ ಹೇಳಿದ ಹಾಗೆ. ಅದರಲ್ಲಿ ನಮ್ಮ ಹುಡುಗರಿರುತ್ತಾರೆ. ಡಬ್ಬಿಯನ್ನು ಹುಡುಕಿ ಒಡೆದರೆ ಒಡೆಯಲಿ.

ಕಾಳಿದಂಡೆ ಅಕ್ಕೋರು
ಶನಿವಾರ, ಮಧ್ಯಾಹ್ನ 2:05

ಕೈಗಾ ಕಣಿವೆಯ ಉದಾಹರಣೆ ಮಕ್ಕಳಿಗೆ ತಕ್ಷಣ ಹಿಡಿಯುತ್ತದೆ. ಅರ್ಧ ಮಕ್ಕಳ ಮನೆಯಲ್ಲಿ ಗುಡ್ಡದ ಮರೆಗೆ ಮೊಬೈಲ್ ಸಿಗ್ನಲ್ ಇಲ್ಲ. ಇದನ್ನು ನಿಜವಾಗಿ ಮಾಡಿದವರು ಯಾರು?

ಕುಮಟೆಯ ಸರ್ಕೀಟು
ಶನಿವಾರ, ಮಧ್ಯಾಹ್ನ 3:10

ಹೆಚ್ಚು ಕೆಲಸ ಮಾಡಿದವರು ಸೋವಿಯತ್ ಕಡೆಯವರು. ಗ್ರಾಡ್ ರಾಕೆಟ್ ಲಾಂಚರಿನ 122 ಮಿಮೀ ಕೊಳವೆಗೆ ಹೊಂದುವ 9ಎಂ519 ಎಂಬ ಜ್ಯಾಮರ್ ರಾಕೆಟ್ ಇದೆ. ಅದರಲ್ಲಿ ಏಳು ನಮೂನೆ, ಒಂದೊಂದಕ್ಕೆ ಒಂದೊಂದು ಫ್ರೀಕ್ವೆನ್ಸಿ ಪಟ್ಟಿ. ಎಲ್ಲ ಸೇರಿ 1.5ರಿಂದ 120 ಮೆಗಾಹರ್ಟ್ಸ್. ಏಳು ಯಾಕೆ ಎಂಬುದಕ್ಕೆ ಉತ್ತರ ಮೇಲಿನ ಲೆಕ್ಕದಲ್ಲೇ ಇದೆ. ಒಂದೇ ಡಬ್ಬಿ ಎಲ್ಲ ಕಡೆ ಹರಡಿದರೆ ತೆಳುವಾಗುತ್ತದೆ, ಆಂಟೆನಾವೂ ಎಲ್ಲಕ್ಕೂ ಹೊಂದುವುದಿಲ್ಲ. ಬಲ್ಗೇರಿಯಾದವರು 122 ಮತ್ತು 152 ಮಿಮೀ ಗನ್ನುಗಳಿಗೆ ಸ್ಟಾರ್ಶೆಲ್ ಎಂಬ ಶೆಲ್ಲು ಮಾಡಿದರು. ಅವರ ಭಾಷೆಯಲ್ಲಿ ಹಾಗೆಂದರೆ ಕಣಜದ ಹುಳ. ಅಮೆರಿಕದವರು 155ಕ್ಕೆ ಎಕ್ಸ್‌ಎಂ867 ಎಂಬುದನ್ನು ಮಾಡಿ ನೋಡಿದರು, ಮುಂದಿನ ಎಕ್ಸ್ ಅಕ್ಷರ ಪ್ರಯೋಗದ ಹಂತದ್ದು ಎಂಬುದರ ಗುರುತು.

ರಾಕೆಟ್ಟಿನಲ್ಲಿ ಏಟು ಕಡಿಮೆ, ಜಾಗ ಹೆಚ್ಚು. ಗನ್ನಿನಲ್ಲಿ ಕರಾರುವಾಕ್ಕು ಹೆಚ್ಚು. ನನ್ನ ಮನಸ್ಸು ರಾಕೆಟ್ಟಿನ ಕಡೆ.

ಅಂಕೋಲಾ ಗನ್ನರ್
ಶನಿವಾರ, ಮಧ್ಯಾಹ್ನ 3:25

ನನ್ನದು ಗನ್ನಿನ ಕಡೆಯೇ. 200 ಮೀಟರಿನೊಳಗೆ ಬೀಳಬೇಕು ಎಂದು ನೀವೇ ಲೆಕ್ಕ ಕೊಟ್ಟಿರಲ್ಲ.

ಯಲ್ಲಾಪುರ ಘಟ್ಟ
ಶನಿವಾರ, ಸಂಜೆ 5:00

ಇವತ್ತು ಡ್ರೋನಿನ ಕಾಲ. ಡ್ರೋನಿಗೆ ಜ್ಯಾಮರ್ ಕಟ್ಟಿ ನೂರು ಮೀಟರ್ ಮೇಲೆ ನಿಲ್ಲಿಸಿದರೆ ಹುಲ್ಲಿನಲ್ಲಿ ಬಿದ್ದ ಡಬ್ಬಿಗಿಂತ ಎಷ್ಟೋ ಮೇಲು. ಸರ್ಕೀಟು ಹೇಳಿದ ಎತ್ತರದ ವರ್ಗ ಆಗ ನಮ್ಮ ಪರ. ವಾಪಸ್ಸೂ ಬರುತ್ತದೆ. ಉಕ್ರೇನಿನ ಯುದ್ಧದಲ್ಲಿ ನೋಡಿ, ಜ್ಯಾಮಿಂಗ್ ತಪ್ಪಿಸಲು ಡ್ರೋನುಗಳೇ ಈಗ ಆಪ್ಟಿಕಲ್ ಫೈಬರ್ ಎಳೆ ಬಿಡುತ್ತಾ ಹಾರುತ್ತಿವೆ. ಎಳೆಗೆ ಯಾವ ಜ್ಯಾಮರ್ ಏನು ಮಾಡೀತು?

ಶಿರಸಿ ಹ್ಯಾಮ್
ಶನಿವಾರ, ಸಂಜೆ 6:10

ಎತ್ತರದ ಮಾತು ಪೂರ್ತಿ ಒಪ್ಪುತ್ತೇನೆ. ಫೈಬರ್ ಡ್ರೋನಿಗೆ ಜ್ಯಾಮರ್ ನಿಷ್ಪ್ರಯೋಜಕ ಎಂಬುದೂ ಸತ್ಯ. ಆದರೆ ಆಷಾಢದ ಮಳೆಯಲ್ಲಿ, ನಮ್ಮ ದೇವಿಮನೆ ಘಟ್ಟದ ಗಾಳಿಯಲ್ಲಿ ಡ್ರೋನ್ ಹಾರಿಸಿ ನೋಡು ಭಾವ. ಶೆಲ್ಲಿಗೆ ಮಳೆಯೂ ಒಂದೇ ಬಿಸಿಲೂ ಒಂದೇ. ಹೇಳಿದ ಒಂದೆರಡು ನಿಮಿಷದಲ್ಲಿ ಇಪ್ಪತ್ತು ಕಿಲೋಮೀಟರ್ ಆಚೆ ಇರುತ್ತದೆ. ದಾರಿಯಲ್ಲಿ ಅದನ್ನು ಯಾರೂ ಜ್ಯಾಮ್ ಮಾಡಲಾರರು, ಅದು ಯಾರ ಮಾತನ್ನೂ ಕೇಳುತ್ತಾ ಹಾರುವುದಿಲ್ಲ.

ಡಬ್ಬಿ ಹುಡುಕುವ ವಿಷಯ ನನ್ನ ಪ್ರೀತಿಯದು. ನಾವು ಹ್ಯಾಮುಗಳು, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋದವರು, ನರಿ ಬೇಟೆ ಎಂಬ ಆಟ ಆಡುತ್ತೇವೆ. ಒಬ್ಬ ಸಣ್ಣ ಟ್ರಾನ್ಸ್‌ಮಿಟರ್ ಬಚ್ಚಿಡುತ್ತಾನೆ, ಉಳಿದವರು ದಿಕ್ಕು ಹಿಡಿಯುವ ಆಂಟೆನಾ ತಿರುಗಿಸುತ್ತಾ ಹುಡುಕುತ್ತೇವೆ. ಬಡಗಿಯ ಅಳತೆ ಟೇಪಿನ ತುಂಡುಗಳನ್ನು ಪ್ಲಾಸ್ಟಿಕ್ ಪೈಪಿಗೆ ಕಟ್ಟಿ ಆ ಆಂಟೆನಾವನ್ನು ಮನೆಯಲ್ಲೇ ಮಾಡಬಹುದು. ಒದ್ದೆ ಅಡಿಕೆ ತೋಟದಲ್ಲಿ ಒಂದೇ ಒಂದು ನರಿಯನ್ನು ಹುಡುಕಲು ನನಗೆ ಮುಕ್ಕಾಲು ಗಂಟೆ ಹಿಡಿದದ್ದುಂಟು. ಮರಗಳಿಗೆ ಬಡಿದು ದಿಕ್ಕು ಸುಳ್ಳು ಹೇಳುತ್ತದೆ. ಒಂದೇ ಫ್ರೀಕ್ವೆನ್ಸಿಯಲ್ಲಿ ಹತ್ತು ಡಬ್ಬಿ ಕೂಗುತ್ತಿದ್ದರೆ, ಮೇಲೆ ಗುಂಡು ಬೀಳುತ್ತಿದ್ದರೆ? ಹುಡುಕಿ ಮುಗಿಸುವಷ್ಟರಲ್ಲಿ ಬ್ಯಾಟರಿಯೇ ಮುಗಿದಿರುತ್ತದೆ.

ಮುದಗಾ ತಾಂಡೇಲ
ಶನಿವಾರ, ರಾತ್ರಿ 8:30

ಎಲ್ಲ ಓದಿದೆ. ನನ್ನ ಮನಸ್ಸಿನಲ್ಲಿ ಒಂದು ಕೊರೆಯುತ್ತಿದೆ. ಶೆಲ್ಲು ಬಿದ್ದ ಜಾಗದಲ್ಲಿ ಹಳ್ಳಿ ಇದ್ದರೆ? ಅಲ್ಲಿನ ಆಂಬುಲೆನ್ಸಿನವರ ಮಾತು, ಅಥವಾ ಕಡಲಿನ ಹತ್ತಿರವಾದರೆ ನಮ್ಮ ಬೋಟಿನ ಮಾತು? ಡಬ್ಬಿಗೆ ಯಾರು ವೈರಿ, ಯಾರು ಬಡವ ಎಂದು ಗೊತ್ತಾಗುತ್ತದೆಯೇ?

ಅಂಕೋಲಾ ಗನ್ನರ್
ಶನಿವಾರ, ರಾತ್ರಿ 9:00

ಗೊತ್ತಾಗುವುದಿಲ್ಲ ತಾಂಡೇಲರೇ. ನಮ್ಮವರನ್ನೂ ಅದು ಗುರುತಿಸುವುದಿಲ್ಲ. ನಮ್ಮ ಕಾಲಾಳು ಮುಂದೆ ಹೋಗಿ ಆ ಡಬ್ಬಿಗಳ ನಡುವೆ ನಿಂತರೆ ನಮ್ಮ ಸೆಟ್ಟೂ ಕಿವುಡು. ಆದ್ದರಿಂದ ಯಾವ ಫ್ರೀಕ್ವೆನ್ಸಿ ಮುಟ್ಟಬಾರದು, ಎಷ್ಟು ಹೊತ್ತಿಗೆ ಡಬ್ಬಿ ಸಾಯಬೇಕು ಎಂಬುದು ಹಾರಿಸುವ ಮುಂಚೆಯೇ ತೀರ್ಮಾನವಾಗಿರಬೇಕು. ಹಾರಿಸಿದ ಮೇಲೆ ವಾಪಸ್ ಕರೆಯಲು ಬರುವುದಿಲ್ಲ. ಬ್ಯಾಟರಿ ಒಂದು ಗಂಟೆಗೇ ಮುಗಿಯುವುದು ದೋಷ ಎಂದು ಕೆಲವರು ಬರೆಯುತ್ತಾರೆ. ನನಗೆ ಅದು ಸರಿಯಾಗಿಯೇ ಇದೆ ಅನ್ನಿಸುತ್ತದೆ.

ಇನ್ನೊಂದು ಮಾತು. ವೈರಿಯ ಮಾತನ್ನು ಕೆಡಿಸಿದರೆ ಅದನ್ನು ಕದ್ದು ಕೇಳುತ್ತಿದ್ದ ನಮ್ಮವರಿಗೂ ಕೇಳುವುದಿಲ್ಲ. ಕೆಡಿಸುವುದು ಲಾಭವೋ ಕೇಳುವುದು ಲಾಭವೋ ಎಂದು ಮೇಲಿನವರು ತೂಗಲೇಬೇಕು. ಎಷ್ಟೋ ಸಲ ಸುಮ್ಮನೆ ಕೇಳುತ್ತಿರುವುದೇ ಮೇಲು.

ಶಿರಸಿ ಹ್ಯಾಮ್
ಶನಿವಾರ, ರಾತ್ರಿ 9:20

ತಾಂಡೇಲರ ಬೋಟಿನ ವಿಷಯಕ್ಕೆ: ಕಡಲ 16ನೇ ಚಾನೆಲ್ 156.8 ಮೆಗಾಹರ್ಟ್ಸ್, ಆಪತ್ತಿನ ಕರೆಗೆ ಮೀಸಲು. ಮೇಲೆ ಹೇಳಿದ 30–88ರ ಸೈನ್ಯದ ಪಟ್ಟಿಯಿಂದ ದೂರವಿದೆ. ಹಾಗಾಗಿ ಆ ಪಟ್ಟಿಗೆಂದು ಮಾಡಿದ ಡಬ್ಬಿ ಅದನ್ನು ನೇರವಾಗಿ ಮುಟ್ಟುವುದಿಲ್ಲ. ಆದರೆ ಅಗ್ಗದ ಟ್ರಾನ್ಸ್‌ಮಿಟರ್ ತನ್ನ ಫ್ರೀಕ್ವೆನ್ಸಿಯ ಎರಡರಷ್ಟು, ಮೂರರಷ್ಟರಲ್ಲೂ ಸ್ವಲ್ಪ ಸೋರುತ್ತದೆ. 52ರ ಮೂರರಷ್ಟು 156. ನಿಮ್ಮ ಅಂಜಿಕೆ ಸುಳ್ಳಲ್ಲ.

ಓದುವ ಹುಡುಗರಿಗೆ ಒಂದು ಮಾತು. ಜ್ಯಾಮರ್ ಮಾಡುವುದು, ಇಟ್ಟುಕೊಳ್ಳುವುದು, ಹಚ್ಚುವುದು ನಮ್ಮ ದೇಶದಲ್ಲಿ ಖಾಸಗಿಯವರಿಗೆ ಅಪರಾಧ. ಕೇಳುವ ಸೆಟ್ಟಿನಿಂದ ಕಲಿಯುವುದೇ ಬೇಕಾದಷ್ಟಿದೆ.

ಕಾಳಿದಂಡೆ ಅಕ್ಕೋರು
ಸೋಮವಾರ, ಸಂಜೆ 5:45

ಇವತ್ತು ಕ್ಲಾಸಿನಲ್ಲಿ ಹೇಳಿದೆ. ಮೊದಲು ತಾಂಡೇಲರ ಕತೆ, ಆಮೇಲೆ ಬೋರ್ಡಿನ ಮೇಲೆ 5 ಕಿಲೋಮೀಟರ್–500 ಮೀಟರಿನ ಲೆಕ್ಕ. ಮಕ್ಕಳೇ ಭಾಗಿಸಿದರು. 200 ಮೀಟರಿನ ಲೆಕ್ಕದಲ್ಲಿ 34 ಬಂದಾಗ ಹಿಂದಿನ ಬೆಂಚಿನಿಂದ ಕೂಗು ಎದ್ದಿತು. ಎತ್ತರ ಸೇರಿಸಿ ಅದನ್ನು 4ರ ಕೆಳಗೆ ಇಳಿಸಿದಾಗ ಎಲ್ಲರ ಮುಖ ಬಾಡಿತು.

ಪ್ರಶ್ನೆ ಕೇಳಿದ ಹುಡುಗ ಮಾತ್ರ ಬೇರೆ ಕೇಳಿದ. ಅವನ ಅಪ್ಪನೂ ಬೋಟಿನವರು. "ಹಾಗಾದರೆ ಆ ದಿನ ತಾಂಡೇಲ ಮಾಮ ಬೇರೆ ಚಾನೆಲ್ಲಿಗೆ ಹೋಗಬಹುದಿತ್ತಲ್ಲ? ಎಲ್ಲ ಬೋಟಿನವರೂ ಮೊದಲೇ ಮಾತಾಡಿಕೊಂಡಿದ್ದರೆ?"

ಮುದಗಾ ತಾಂಡೇಲ
ಸೋಮವಾರ, ರಾತ್ರಿ 7:50

ಹೋಗಬಹುದಿತ್ತು. ಆಗ ನಮ್ಮಲ್ಲಿ ಮಾತಾಗಿರಲಿಲ್ಲ. ಈಗ ಆಗಿದೆ: ಹತ್ತು ನಿಮಿಷ ಗದ್ದಲ ನಿಲ್ಲದಿದ್ದರೆ ಎಲ್ಲರೂ ಗೊತ್ತು ಮಾಡಿದ ಇನ್ನೊಂದು ಚಾನೆಲ್ಲಿಗೆ. ಆ ಹುಡುಗನಿಗೆ ಹೇಳಿ, ಅವನ ಅಪ್ಪನ ಬೋಟಿಗೂ ಆ ನಂಬರ್ ಕೊಡುತ್ತೇನೆ. ಬಂದರಿಗೆ ಬರಲಿ.

ಶಿರಸಿ ಹ್ಯಾಮ್
ಸೋಮವಾರ, ರಾತ್ರಿ 8:15

ಅಕ್ಕೋರೇ, ಬರುವ ತಿಂಗಳ ಎರಡನೇ ಶನಿವಾರ ನಾನು ಕಾರವಾರಕ್ಕೆ ಬರುವುದಿದೆ. ಟೇಪಿನ ಆಂಟೆನಾ, ನರಿ, ಎರಡು ಕೈಸೆಟ್ಟು ತರುತ್ತೇನೆ. ನನ್ನ ಜೊತೆ ಲೈಸೆನ್ಸ್ ಇರುವ ಇನ್ನೊಬ್ಬರು ಬರುತ್ತಾರೆ. ಖಾಲಿ ಫ್ರೀಕ್ವೆನ್ಸಿಯಲ್ಲಿ, ಅತಿ ಕಡಿಮೆ ಪವರಿನಲ್ಲಿ, ಹತ್ತಿರದ ದನಿ ದೂರದ ದನಿಯನ್ನು ನುಂಗುವುದನ್ನು ಮಕ್ಕಳು ತಮ್ಮ ಕಿವಿಯಿಂದಲೇ ಕೇಳಲಿ. ಬೀಚಿನ ಗಾಳಿಮರದ ತೋಪಿನಲ್ಲಿ ನರಿ ಬಚ್ಚಿಡೋಣ. ಹೆಡ್ ಮಾಸ್ತರರ ಒಪ್ಪಿಗೆ ಕೇಳಿ ತಿಳಿಸಿ.

ಅಂಕೋಲಾ ಗನ್ನರ್
ಸೋಮವಾರ, ರಾತ್ರಿ 8:22

ನಾನೂ ಬರುತ್ತೇನೆ. ಬೆಳಗಿನ ಬಸ್ಸಿಗೆ ಹೊರಟರೆ ಹತ್ತಕ್ಕೆ ಅಲ್ಲಿರುತ್ತೇನೆ.